ಮನೆಗೆ ಬರುವ ನರ್ಸ್‌ಗಳ ನೋಂದಣಿ ಪರಿಶೀಲಿಸುವ ವ್ಯವಸ್ಥೆ ಕೋರಿ ಮನವಿ

ಇವರಿಗೆ,
ಮಾನ್ಯ ರಿಜಿಸ್ಟ್ರಾರ್ ಅವರು,
ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್, ಬೆಂಗಳೂರು

ಇವರಿಂದ,
ಬಾಳೂರು ಸುತ್ತಮುತ್ತಲಿನ ಗ್ರಾಮಸ್ಥರು, ಚಿಕ್ಕಮಗಳೂರು ಜಿಲ್ಲೆ

ಮಾನ್ಯರೇ,

ಮೂಡಿಗೆರೆ, ಕಳಸ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದವರು. ಮಕ್ಕಳು ಬೆಂಗಳೂರು, ಮಂಗಳೂರು ಸೇರಿದ್ದಾರೆ. ಲಕ್ವ ಹೊಡೆದು ಮಲಗಿದವರನ್ನು ನೋಡಿಕೊಳ್ಳಲು ಏಜೆನ್ಸಿಗಳಿಂದ ‘ಹೋಮ್ ನರ್ಸ್’ ಕರೆಸುತ್ತೇವೆ. ಬಂದವರು ನರ್ಸಿಂಗ್ ಓದಿದವರೋ, ಊಟ-ಸ್ನಾನ ಮಾಡಿಸಲು ಬಂದವರೋ ಎಂದು ತಿಳಿಯುವ ಸುಲಭದ ದಾರಿ ನಮಗಿಲ್ಲ. ಊಟ-ಸ್ನಾನ ಮಾಡಿಸುವವರ ಕೆಲಸವನ್ನು ನಾವು ಕೀಳಾಗಿ ಕಾಣುತ್ತಿಲ್ಲ. ಅವರಿಲ್ಲದೆ ಹಲವು ಮನೆಗಳು ನಡೆಯುವುದೇ ಇಲ್ಲ. ಆದರೆ ಮೂತ್ರದ ಪೈಪ್ ಬದಲಿಸುವುದು, ಮೂಗಿನ ನಳಿಕೆ ಹಾಕುವುದು ಕಲಿತ ಕೈಯ ಕೆಲಸ. ಆ ನಳಿಕೆ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದಿದ್ದರೆ, ಕುಡಿಸಿದ ಗಂಜಿಯೇ ಪ್ರಾಣ ತೆಗೆದೀತು.

ಎ.ಎನ್.ಎಂ. 2 ವರ್ಷ, ಜಿ.ಎನ್.ಎಂ. 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷದ ಓದು. ಓದಿದ ಮೇಲೆ ಪರಿಷತ್ತಿನಲ್ಲಿ ನೋಂದಣಿಯೂ ಆಗಬೇಕು. 1961ರ ರಾಜ್ಯ ಕಾಯ್ದೆಯ ಪ್ರಕಾರ ಆ ದಾಖಲೆ ತಮ್ಮ ಬಳಿಯೇ ಇದೆ. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಆನ್‌ಲೈನ್ ರಿಜಿಸ್ಟರ್ ಇರಬೇಕೆನ್ನುತ್ತದೆ. ನಮ್ಮ ಕೈಗೆ ಬರುವುದು ಮಾತ್ರ ಲ್ಯಾಮಿನೇಷನ್ ಮಾಡಿದ ಜೆರಾಕ್ಸ್. ಪಾಸಾದ ಸರ್ಟಿಫಿಕೇಟೇ ಬೇರೆ, ನೋಂದಣಿಯೇ ಬೇರೆ ಎಂಬುದು ಎಷ್ಟೋ ಮನೆಯವರಿಗೆ ಗೊತ್ತಿಲ್ಲ.

ಆದ್ದರಿಂದ, ಹೆಸರು ಮತ್ತು ನೋಂದಣಿ ಸಂಖ್ಯೆ ಹೇಳಿದರೆ ಓದಿದ ಕೋರ್ಸ್ ಯಾವುದು, ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಕನ್ನಡದಲ್ಲಿ ತಿಳಿಸುವ ದೂರವಾಣಿ ಸೇವೆಯನ್ನು ಪರಿಷತ್ತು ಒದಗಿಸಬೇಕು. ಇದು ನಮ್ಮ ಮುಖ್ಯ ಬೇಡಿಕೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಸೀಮೆಯಿದು. ವೆಬ್‌ಸೈಟ್ ಒಂದೇ ಸಾಲದು. ಮೂಡಿಗೆರೆ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇದೇ ಮಾಹಿತಿ ಸಿಗುವಂತಾಗಬೇಕು. ಕೇರಳದಂಥ ಹೊರರಾಜ್ಯದಲ್ಲಿ ನೋಂದಣಿಯಾಗಿ ಬಂದವರ ವಿವರವನ್ನೂ ಅಲ್ಲಿನ ಪರಿಷತ್ತಿನಿಂದ ಖಚಿತಪಡಿಸಿಕೊಡಬೇಕು. ನರ್ಸ್‌ಗಳ ವಿಳಾಸ, ಫೋನ್ ನಂಬರ್ ಮಾತ್ರ ಯಾರಿಗೂ ಕೊಡಬಾರದು. ಒಂಟಿ ಮನೆಗಳಿಗೆ ಒಬ್ಬರೇ ಬಂದು ದುಡಿಯುವ ಹೆಣ್ಣುಮಕ್ಕಳ ಸುರಕ್ಷತೆಯೂ ನಮಗೆ ಅಷ್ಟೇ ಮುಖ್ಯ.

ಕಳುಹಿಸುತ್ತಿರುವುದು ನರ್ಸನ್ನೋ ಆರೈಕೆಯವರನ್ನೋ ಎಂದು ಏಜೆನ್ಸಿಗಳು ಒಪ್ಪಂದದಲ್ಲೇ, ನೋಂದಣಿ ಸಂಖ್ಯೆ ಸಹಿತ, ಬರೆದುಕೊಡುವಂತೆ ಮಾಡಲು ಆರೋಗ್ಯ ಇಲಾಖೆಗೆ ಪರಿಷತ್ತು ಶಿಫಾರಸು ಮಾಡಬೇಕು. ಎಲ್ಲರಿಗೂ ಒಂದೇ ಹೆಸರು ಅಂಟಿಸಿರುವುದರಿಂದ, ಸಾಲ ಮಾಡಿ ನರ್ಸಿಂಗ್ ಓದಿದ ನಮ್ಮೂರ ಹುಡುಗಿಯರಿಗೂ ಓದಿಗೆ ತಕ್ಕ ಸಂಬಳ ಸಿಗುತ್ತಿಲ್ಲ.

ಈ ಬಗ್ಗೆ ಕೈಗೊಂಡ ಕ್ರಮವನ್ನು ಮಳೆಗಾಲ ಹಿಡಿಯುವ ಮೊದಲು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಬಾಳೂರು ಸುತ್ತಮುತ್ತಲಿನ ಗ್ರಾಮಸ್ಥರು