ಸರ್‌ನೇಮ್ ಕೇಳಿದಾಗ

ಇಂಟರ್ನ್‌ಶಿಪ್ ಫಾರ್ಮ್‌ನಲ್ಲಿ 'ಸರ್‌ನೇಮ್' ಕೇಳಿದ್ರೆ ನಮ್ಮಲ್ಲಿ ಅರ್ಧ ಜನ ಇನಿಶಿಯಲ್ ಹಾಕಿ ಮುಂದೆ ಹೋಗ್ತೀವಿ. ಎಷ್ಟೋ ಮನೆಗಳಲ್ಲಿ ಆ ಒಂದಕ್ಷರ ಅಂದ್ರೆ ಅಜ್ಜ, ಮುತ್ತಜ್ಜಂದಿರ ಊರು. ಯಾವ ಊರು ಅಂತ ಕೇಳಿದ್ರೆ ಮಾತ್ರ ಅಪ್ಪನಿಗೆ ಫೋನ್ ಮಾಡಬೇಕು!

ಊರು ಗೊತ್ತಿದ್ರೆ ಹುಡುಕೋಕೆ ದಾರಿ ಇದೆ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟದಲ್ಲಿ ತಾಲ್ಲೂಕುವಾರು ಕೊಟ್ಟಿದ್ದಾರೆ. ಆಮೇಲೂ ಸಿಗ್ತಾನೇ ಇವೆ: ನಾವು ದಿನಾ ಟ್ರಾಫಿಕ್‌ಗೆ ಬೈಯೋ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ಅದರಲ್ಲಿ ಹೆಬ್ಬಾಳದ ಹೆಸರು 'ಪೆರ್ಬೊಳಲ್'.

ನಮ್ಮ ಗೆಳತಿಯೊಬ್ಬಳು ಪಾಸ್‌ಪೋರ್ಟ್‌ಗಾಗಿ ಆ ಅಕ್ಷರ ತೆಗೆಸಿ ಅಪ್ಪನ ಹೆಸರು ಹಾಕಿಸಿಕೊಂಡಳು. ಊರು ಗೊತ್ತಿದ್ದ ಅವಳ ಅಜ್ಜಿ ಹೋದ ವರ್ಷ ತೀರಿಕೊಂಡರು. ಹಬ್ಬದ ರಜೆಗೆ ಮನೆಗೆ ಹೋಗೋರು ದಯವಿಟ್ಟು ಕೇಳಿ, ಬರೆದಿಟ್ಟುಕೊಳ್ಳಿ.