ಊರಿಗೆ ಹೆಸರು ಕೊಟ್ಟವರು, ಊರ ಹೆಸರು ಹೊತ್ತವರು, ಪಹಣಿಯಲ್ಲಿ ನಾವು



ಬೆಂಗಳೂರಿನಿಂದ ಬಂಗಾರಪೇಟೆ ರೈಲು ಹತ್ತಿದರೆ ಕೃಷ್ಣರಾಜಪುರ ದಾಟಿದ ಮೇಲೆ ವೈಟ್‌ಫೀಲ್ಡ್ ಸಿಗುತ್ತೆ. ಆಮೇಲೆ ಮಾಲೂರು, ಟೇಕಲ್, ಬಂಗಾರಪೇಟೆ. ಅಲ್ಲಿಂದ ಚಿನ್ನದ ಗಣಿ ಸೀಮೆ ಕಡೆ ಹೊರಳಿದರೆ ಕ್ಯಾಸಂಬಳ್ಳಿ. ಈ ಒಂದೇ ದಾರಿಯಲ್ಲಿ ಇಬ್ಬರು ಮುಖಂಡರ ಹೆಸರು ಕೂತಿವೆ. ಒಬ್ಬರು ತಮ್ಮ ಹೆಸರನ್ನು ಊರಿಗೆ ಕೊಟ್ಟರು. ಇನ್ನೊಬ್ಬರು ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತರು. ಇವೆರಡನ್ನೂ ಹುಡುಕಿಕೊಂಡು ಹೋದ ನಾನು ಕಡೆಗೆ ಬಂದು ನಿಂತಿದ್ದು ನಮ್ಮ ಮನೆ ಟ್ರಂಕಿನ ಮುಂದೆ. ಯಾಕೆ ಅಂತ ಹೇಳ್ತೇನೆ, ತಾಳ್ಮೆಯಿಂದ ಓದಿ.

ನನ್ನ ತಮ್ಮನ ಮಗಳು ಡಿಗ್ರಿ ಓದ್ತಾಳೆ. "ದೊಡ್ಡಪ್ಪ, ಮೈಸೂರು ರಾಜ್ಯದ ಮೊದಲನೇ ಮುಖ್ಯಮಂತ್ರಿ ಬಗ್ಗೆ ಬರೀಬೇಕು, ನಿಮಗೇನಾದರೂ ಗೊತ್ತಾ?" ಅಂದಳು. ಗೊತ್ತಿಲ್ಲದೆ ಏನು, ಕೆ.ಸಿ. ರೆಡ್ಡಿ, ಕೋಲಾರ ಜಿಲ್ಲೆಯವರು, ನಮ್ಮ ಪಕ್ಕದ ಸೀಮೆಯವರೇ ಅಂದೆ. ಅದಕ್ಕಿಂತ ಹೆಚ್ಚು ನನಗೂ ಬಾಯಿಗೆ ಬರಲಿಲ್ಲ. ನಾಚಿಕೆ ಆಯಿತು. ನಡಿ, ಹುಡುಕೋಣ ಅಂತ ಇಬ್ಬರೂ ಹೊರಟೆವು.

ಮೊದಲನೇ ದಿನವೇ ಎಡವಿದೆವು. ಗ್ರಂಥಾಲಯದ ಹೆಸರಿನ ಪಟ್ಟಿಯಲ್ಲಿ 'ರೆಡ್ಡಿ' ಅಂತ ತೆಗೆದರೆ ರೆಡ್ಡಿಗಳ ಸಂತೆಯೇ ಇದೆ. 'ಕೆ' ಅಕ್ಷರಕ್ಕೆ ಹೋದರೆ ಅಲ್ಲಿ ಇನ್ನೊಂದು ಸಂತೆ. ಸಂವಿಧಾನ ರಚನಾ ಸಭೆಯ ಸದಸ್ಯರ ಪಟ್ಟಿಯಲ್ಲಿ ಕೆ.ಸಿ. ರೆಡ್ಡಿ ಅಂತ ಕಣ್ಣಾಡಿಸಿದರೆ ಸಿಗೋದಿಲ್ಲ. ಅಲ್ಲಿ ಇರೋದು ಕೆ. ಚೆಂಗಲರಾಯ ರೆಡ್ಡಿ. ಪೂರ್ತಿ ಹೆಸರು ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಒಂದು ಕಡೆ ಚೆಂಗಲರಾಯ, ಇನ್ನೊಂದು ಕಡೆ ಚಂಗಲರಾಯ, ಇಂಗ್ಲಿಷಿನಲ್ಲಿ ಬರೆದವರು ತಮಗೆ ತೋಚಿದ ಹಾಗೆ. ಒಬ್ಬನೇ ಮನುಷ್ಯ, ನಾಲ್ಕು ಹೆಸರು. ಹಾಗಾದರೆ ಇವರೇ ಅವರು ಅಂತ ತಿಳಿಯೋದು ಹೇಗೆ? ಊರು ನೋಡಬೇಕು, ಹುಟ್ಟಿದ ವರ್ಷ ನೋಡಬೇಕು, ಜೊತೆಯಲ್ಲಿ ಯಾರಿದ್ದರು ನೋಡಬೇಕು. ಒಂದು ಕಾಗದದ ಮಾತನ್ನು ಇನ್ನೊಂದು ಕಾಗದ ಒಪ್ಪಬೇಕು. ನಮ್ಮ ಹುಡುಗಿ ಒಂದು ನೋಟ್ ಬುಕ್ಕಿನಲ್ಲಿ ಹೆಸರಿನ ಎಲ್ಲಾ ರೂಪಗಳನ್ನೂ ಬರೆದುಕೊಂಡಳು. ಆಮೇಲೆ ದಾರಿ ಸಲೀಸಾಯಿತು.

ಸಿಕ್ಕಿದ್ದು ಇಷ್ಟು. ರೆಡ್ಡಿಯವರು ಹುಟ್ಟಿದ್ದು 1902ರಲ್ಲಿ. ವಕೀಲಿ ಓದಿದ ಮೇಲೆ 1930ರಲ್ಲಿ ಸಂಗಡಿಗರ ಜೊತೆ ಪ್ರಜಾಪಕ್ಷ ಕಟ್ಟಿದರು. ಆ ಪಕ್ಷದ ಕಣ್ಣು ಇದ್ದದ್ದು ಹಳ್ಳಿಯ ಕಡೆ, ರೈತನ ಕಷ್ಟದ ಕಡೆ. ಜೊತೆಗೆ ಜವಾಬ್ದಾರಿ ಸರ್ಕಾರ ಬೇಕು ಅನ್ನೋ ಬೇಡಿಕೆ. 1934ರಲ್ಲಿ ಅದು ಪ್ರಜಾಮಿತ್ರ ಮಂಡಲಿಯ ಜೊತೆ ಸೇರಿ ಪ್ರಜಾ ಸಂಯುಕ್ತ ಪಕ್ಷವಾಯಿತು, 1937ರಲ್ಲಿ ಕಾಂಗ್ರೆಸ್ ಸೇರಿತು. 1947ರಲ್ಲಿ 'ಮೈಸೂರು ಚಲೋ' ನಡೆದು, ಅದೇ ಅಕ್ಟೋಬರಿನಲ್ಲಿ ರೆಡ್ಡಿಯವರು ಮುಖ್ಯಮಂತ್ರಿ ಆದರು. 1952ರವರೆಗೂ ಇದ್ದರು, 1976ರಲ್ಲಿ ತೀರಿಕೊಂಡರು. ಹಳ್ಳಿಯ ರೈತನ ಹೆಸರು ಹೇಳಿಕೊಂಡು ಹೊರಟ ಒಂದು ಪಕ್ಷದಿಂದ ಬಂದವರು ರಾಜ್ಯದ ಮೊದಲ ಮುಖ್ಯಮಂತ್ರಿ ಆದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊತ್ತಿಲ್ಲದೆ ಹೋದದ್ದು ಕಾಗದ ಇಲ್ಲ ಅಂತಲ್ಲ. ನಾವು ಕೇಳಲಿಲ್ಲ, ಅಷ್ಟೇ.

ಇನ್ನು ವೈಟ್‌ಫೀಲ್ಡ್. ಬಿಳೀ ದೊರೆಗಳ ಹೊಲ, ಅದಕ್ಕೇ ಆ ಹೆಸರು ಅಂತ ನಾನು ಚಿಕ್ಕಂದಿನಿಂದ ತಿಳಿದಿದ್ದೆ. ನಿಮ್ಮಲ್ಲೂ ಬಹಳ ಜನ ಹಾಗೇ ತಿಳಿದಿರಬಹುದು. ಅದು ತಪ್ಪು. ವೈಟ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್, ಕಾಗದಗಳಲ್ಲಿ ಚಿಕ್ಕದಾಗಿ ಡಿ.ಎಸ್. ವೈಟ್. ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ಸಂಘ ಕಟ್ಟಿದ ಮುಖಂಡರು ಅವರು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಯಾತಕ್ಕೆ ಕೊಟ್ಟರು? ಸಾಗುವಳಿ ಮಾಡಿಕೊಂಡು ಬದುಕಲಿ ಅಂತ. ವೈಟ್ 1889ರಲ್ಲಿ ತೀರಿಕೊಂಡರು. ಹೆಸರು ಮಾತ್ರ ಊರಿನ ಮೇಲೆ ಉಳಿಯಿತು. ಬೇಸಾಯಕ್ಕೆ ಅಂತ ಶುರುವಾದ ಆ ಸೀಮೆಯಲ್ಲಿ ಇವತ್ತು ಬೆಳೆಯೋದು ಗಾಜಿನ ಕಟ್ಟಡ.

ಇಲ್ಲಿ ನಾವು ಯೋಚನೆ ಮಾಡಬೇಕಾದ್ದಿದೆ. ವೈಟ್ ಅವರ ಜನ ದೊಡ್ಡ ಸಾಹುಕಾರರೇನಲ್ಲ, ಸಂಖ್ಯೆಯಲ್ಲೂ ಕಡಿಮೆ. ಆದರೆ ಅವರಿಗೊಂದು ಸಂಘ ಇತ್ತು. ಸಂಘದ ಹೆಸರಲ್ಲಿ ಕೇಳಿದರು, ಸಂಘದ ಹೆಸರಲ್ಲಿ ಪಡೆದರು. ಅದಕ್ಕೇ ನೂರನಲವತ್ತು ವರ್ಷ ಕಳೆದರೂ ಎಷ್ಟು ಎಕರೆ, ಯಾವ ವರ್ಷ, ಯಾರು ಕೊಟ್ಟರು ಅಂತ ಬೆರಳಿಟ್ಟು ತೋರಿಸಬಹುದು. ಅದೇ ಸೀಮೆಯಲ್ಲಿ ರಾಗಿ ಬಿತ್ತಿ, ಕೆರೆ ಹೂಳೆತ್ತಿದ ಕುಟುಂಬಗಳ ಮಾತೇನು? ಅವರ ಹೆಸರು ಹುಡುಕಬೇಕಾದರೆ ಶಾನುಭೋಗರ ಕಾಲದ ಪುಸ್ತಕದಲ್ಲಿ, ಗೆದ್ದಲು ತಿಂದು ಉಳಿದ ಹಾಳೆಯಲ್ಲಿ ಹುಡುಕಬೇಕು.

ನಮ್ಮವರ ಹೆಸರು ಎಲ್ಲೂ ಇಲ್ಲ ಅಂತ ನಾನು ಹೇಳ್ತಾ ಇಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ ಕರೆದ 144 ಜನರಲ್ಲಿ ಜಮೀನುದಾರರೂ ಇದ್ದರು, ವ್ಯಾಪಾರಿಗಳೂ ಇದ್ದರು. ಆ ಸಭೆಯ ನಡವಳಿಕೆಗಳು ಅಚ್ಚಾಗಿವೆ. ರಾಜ್ಯ ಪತ್ರಾಗಾರ ವಿಧಾನಸೌಧದಲ್ಲೇ ಇದೆ, ಮೈಸೂರಿನಲ್ಲೂ ಅದರ ಕಚೇರಿ ಇದೆ. ನಿಮ್ಮ ತಾಲ್ಲೂಕಿನ ಕೆರೆ, ಕಂದಾಯದ ಮಾತು ಅಂದು ಯಾರು ಎತ್ತಿದರು ಅಂತ ಹೋಗಿ ನೋಡಿ. ಅದು ನಮ್ಮ ಮನೆಯ ಚರಿತ್ರೆಯೇ.

ಈಗ ಟ್ರಂಕಿನ ಮಾತು. ನಮ್ಮಪ್ಪನ ಹೆಸರೇ ಇದ್ದ ದಾಯಾದಿ ಒಬ್ಬರು ಊರಲ್ಲಿ ಇದ್ದರು. ಗುರುತಿಗೆ ಅಂತ ಊರವರು ನಮ್ಮಪ್ಪನ ಹೆಸರಿನ ಹಿಂದೆ 'ಚಿಕ್ಕ' ಸೇರಿಸಿ ಕರೆಯೋರು. ಪಹಣಿಯಲ್ಲಿ ಹಾಗೇ ಬರೆದರು. ಸಾಲ ಕೊಟ್ಟ ಕಡೆ ಪುಸ್ತಕದಲ್ಲಿ 'ಚಿಕ್ಕ' ಬಿಟ್ಟುಹೋಯಿತು. ಆಧಾರ್ ಕಾರ್ಡಿನಲ್ಲಿ ಕಡೆಯ ಅಕ್ಷರವೇ ಬೇರೆ. ಮೂವತ್ತು ವರ್ಷ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ. 2018ರಲ್ಲಿ ಸರ್ಕಾರ ಬೆಳೆಸಾಲ ಮನ್ನಾ ಮಾಡಿದಾಗ ಆಧಾರ್, ರೇಷನ್ ಕಾರ್ಡು, ಸರ್ವೆ ನಂಬರು ಮೂರನ್ನೂ ತಾಳೆ ನೋಡಿದರು. ನಮ್ಮದು ತಾಳೆ ಆಗಲಿಲ್ಲ. ಎಪ್ಪತ್ತೆಂಟು ವರ್ಷದ ಮುದುಕ ತಾನು ತಾನೇ ಅಂತ ರುಜುವಾತು ಮಾಡೋಕೆ ಏಳು ತಿಂಗಳು ಅಲೆದರು. ಅಷ್ಟೂ ದಿನದ ಬಡ್ಡಿ ನಮ್ಮ ತಲೆ ಮೇಲೇ ಬಿತ್ತು. ಕಡೆಗೆ ಕೈ ಹಿಡಿದದ್ದು ಟ್ರಂಕಿನ ತಳದಲ್ಲಿದ್ದ ಹಳೇ ಕಂದಾಯದ ರಸೀತಿ. ಅದರಲ್ಲಿ ಪೂರ್ತಿ ಹೆಸರು, ತಾತನ ಹೆಸರು, ಸರ್ವೆ ನಂಬರು ಮೂರೂ ಇದ್ದವು. ಮೊದಲನೇ ಮುಖ್ಯಮಂತ್ರಿಗೆ ನಾಲ್ಕು ಹೆಸರಿದ್ದರೆ ಓದಿದವರು ಕೂತು ಹೊಂದಿಸ್ತಾರೆ. ರೈತನಿಗೆ ಎರಡು ಹೆಸರಿದ್ದರೆ ಅವನನ್ನೇ ಅನುಮಾನದಿಂದ ನೋಡ್ತಾರೆ. ಇದು ಯಾವ ನ್ಯಾಯ ಸ್ವಾಮಿ?

ಇದು ಸಾಲಕ್ಕೆ ಮಾತ್ರ ನಿಲ್ಲೋದಿಲ್ಲ. ನಮ್ಮದು ಕೈಗಾರಿಕೆಯ ಬಾಯಿಯಲ್ಲಿರುವ ಸೀಮೆ. ಪೀಣ್ಯ ಎದ್ದದ್ದು, ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು ಎಲ್ಲಾ ನಮ್ಮ ಕಣ್ಣ ಮುಂದೆಯೇ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೇ ಕಲಮಿನ ನೋಟೀಸು ಬಂದಾಗ ಅವರು ಮೊದಲು ನೋಡೋದು ಪಹಣಿಯ 9ನೇ ಕಾಲಂ. ಅಲ್ಲಿ ಸತ್ತುಹೋದ ತಾತನ ಹೆಸರೇ ಕೂತಿದ್ದರೆ, ಪೌತಿ ಖಾತೆ ಆಗದೇ ಇದ್ದರೆ, ಅಣ್ಣತಮ್ಮಂದಿರ ತಕರಾರು ಏಳುತ್ತೆ, ಪರಿಹಾರದ ಹಣ ಕೋರ್ಟಿಗೆ ಹೋಗಿ ಕೂರುತ್ತೆ. ಆಮೇಲೆ ಗೊತ್ತೇ ಇದೆಯಲ್ಲ, ಗೆದ್ದವನು ಸೋತ, ಸೋತವನು ಸತ್ತ.

ಕೆಲವರು ಹೇಳ್ತಾರೆ, ಕಾಗದ ನೋಡೋದು ಗುಮಾಸ್ತರ ಕೆಲಸ, ನಮ್ಮ ಹೋರಾಟ ಬೆಲೆಗೆ, ಸಾಲಕ್ಕೆ ಅಂತ. ಒಪ್ಪುವ ಮಾತಲ್ಲ. ಬೆಲೆ ಸಿಕ್ಕರೂ, ಮನ್ನಾ ಸಿಕ್ಕರೂ, ಪರಿಹಾರ ಸಿಕ್ಕರೂ ಅದು ಬಂದು ಇಳಿಯೋದು ಒಂದು ಹೆಸರಿನ ಮೇಲೆ. ಆ ಹೆಸರೇ ಕೊಂಕಾಗಿದ್ದರೆ ಗೆದ್ದದ್ದು ಕೈಗೆ ಬರೋದಿಲ್ಲ.

ಆದ್ದರಿಂದ ನನ್ನ ಮಾತು ಎರಡು. ಒಂದು ಸರ್ಕಾರಕ್ಕೆ. ಪಹಣಿ ಕಂಪ್ಯೂಟರಿಗೆ ಏರಿಸುವಾಗ ಅಕ್ಷರ ತಪ್ಪಿಸಿದವನು ರೈತ ಅಲ್ಲ. ಕಚೇರಿಯ ತಪ್ಪನ್ನು ಕಚೇರಿಯೇ ತಿದ್ದಬೇಕು, ಕಾಸು ಕೇಳದೆ, ದಿನ ಗೊತ್ತು ಮಾಡಿ. ಹೆಸರು ತಾಳೆ ಆಗದ ಕಾರಣಕ್ಕೆ ತಡವಾದರೆ ಆ ದಿನಗಳ ಬಡ್ಡಿಯನ್ನು ರೈತನ ಮೇಲೆ ಹಾಕಬಾರದು. ತಾಲ್ಲೂಕು ಕಚೇರಿಯ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಶುರುವಾಗಿದೆ, ಒಳ್ಳೇದು. ಅದನ್ನು ಊರಿನ ಹಿರಿಯರ ಮುಂದೆ ಓದಿಸಿ, ತಪ್ಪಿದ್ದರೆ ಅಲ್ಲೇ ಬರೆದುಕೊಳ್ಳಲಿ.

ಎರಡನೇದು ನಮಗೆ. ಪ್ರತಿ ಮನೆಯಲ್ಲೂ ಒಂದು ನೋಟ್ ಬುಕ್ ಇಡಿ. ತಾತ, ಅಪ್ಪ, ನೀವು, ಯಾವ ಕಾಗದದಲ್ಲಿ ಹೆಸರು ಹೇಗಿದೆ ಅಂತ ಬರೆಯಿರಿ. ಸರ್ವೆ ನಂಬರು, ಹಿಸ್ಸಾ, ಮ್ಯುಟೇಶನ್ ನಂಬರು ಬರೆಯಿರಿ. 9ನೇ ಕಾಲಂನಲ್ಲಿ ಯಾರಿದ್ದಾರೆ, 11ರಲ್ಲಿ ಯಾವ ಸಾಲ ಕೂತಿದೆ, ತೀರಿಸಿದ ಸಾಲ ಇನ್ನೂ ಅಲ್ಲೇ ಇದೆಯಾ ನೋಡಿ. ಪೌತಿ ಖಾತೆ ಆಗದಿದ್ದರೆ ಈ ಸುಗ್ಗಿ ಮುಗಿಯೋದರೊಳಗೆ ಅರ್ಜಿ ಹಾಕಿ. ರಸೀತಿಯನ್ನು ಒಲೆಗೆ ಹಾಕಬೇಡಿ.

ನಮ್ಮ ಮನೆಯ ನೋಟ್ ಬುಕ್ ಬರೆದದ್ದು ನನ್ನ ತಮ್ಮನ ಮಗಳೇ. ಬರೆದು ಮುಗಿಸಿ ಹಿಂದೆ ಮುಂದೆ ತಿರುವಿ ನೋಡಿದಳು. "ದೊಡ್ಡಪ್ಪ, ಇದರಲ್ಲಿ ಅಜ್ಜಿ ಹೆಸರು ಎಲ್ಲೂ ಇಲ್ಲವಲ್ಲ, ಕಳೆ ಕಿತ್ತವರು ಅವರಲ್ಲವಾ?" ಅಂದಳು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನಾಗಿದ್ದು 2005ರಲ್ಲಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪೌತಿ ಖಾತೆ ಅರ್ಜಿಗೆ ಹಾಕಿದ್ದ ವಂಶವೃಕ್ಷವನ್ನು ವಾಪಸ್ ತಗೊಂಡು, ನಮ್ಮವ್ವನ ಹೆಸರು, ನನ್ನ ತಂಗಿಯರ ಹೆಸರು ಸೇರಿಸಿ ಮತ್ತೆ ಕೊಟ್ಟಿದ್ದೇನೆ. ನೀವೂ ನಿಮ್ಮದನ್ನು ಒಮ್ಮೆ ತೆಗೆದು ನೋಡಿ.