ಹೆಪ್ಪುಗಟ್ಟಿದ ಕೆರೆಗೆ ಯಾವ ಹತ್ಯಾರು?

ಮುಲುಂಡಿನಿಂದ ಸಹೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಮಗ ಅಮೇರಿಕೆಯ ಮಿನೆಸೋಟಾದಲ್ಲಿ ಕೆಲಸದಲ್ಲಿದ್ದಾನೆ. ಕಚೇರಿಯ ಗೆಳೆಯರು ಈ ಚಳಿಗಾಲದಲ್ಲಿ ಅವನನ್ನು ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಕರೆದಿದ್ದಾರಂತೆ. ಕೆರೆಯ ಮೇಲೆಯೇ ನಡೆದುಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಅದರೊಳಗೆ ಗಾಳ ಇಳಿಬಿಟ್ಟು ಕೂಡುವುದು! “ಯಾವ ಹತ್ಯಾರು ಕೊಳ್ಳಲಿ, ಅಮ್ಮಾ?” ಎಂದು ಮಗ ಫೋನಿನಲ್ಲಿ ತಮಾಷೆಗೆ ಕೇಳಿದ. ಅಂದಿನಿಂದ ತಾಯಿಗೆ ನಿದ್ದೆಯಿಲ್ಲ. “ಹೋಗಬೇಡ ಎಂದರೆ ಕೇಳುವ ವಯಸ್ಸಲ್ಲ. ಏನು ಹೇಳಲಿ?” ಎಂಬುದು ಅವರ ಪ್ರಶ್ನೆ.

ಜನವರಿಯಲ್ಲೂ ಫ್ಯಾನು ತಿರುಗುವ ಮುಂಬಯಿಯಲ್ಲಿ ಕುಳಿತು ಇದಕ್ಕೆ ಉತ್ತರ ಹೇಳುವುದು ಕೆಲವರಿಗೆ ನಗೆಯಾಗಿ ತೋರಬಹುದು. ಆದರೆ ಕೆರೆಯ ಮಂಜುಗಡ್ಡೆಗೂ ಈ ಊರಿಗೂ ಹಳೆಯ ನಂಟಿದೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿಯ ಕೆರೆಗಳ ಗಡ್ಡೆಯನ್ನು ಕೊಯ್ಯಿಸಿ 1833ರಲ್ಲಿ ಹಡಗಿನಲ್ಲಿ ಕಲಕತ್ತೆಗೆ ಕಳುಹಿಸಿದ. 1834ರ ಸುಮಾರಿಗೆ ಅಮೇರಿಕೆಯ ಗಡ್ಡೆ ಮುಂಬಯಿಗೂ ಬಂತು. ಕೋಟೆ ಭಾಗದಲ್ಲಿ ಅದನ್ನಿಡಲು ಐಸ್ ಹೌಸೇ ಎದ್ದಿತು. ಈ ವ್ಯಾಪಾರ ಕುದುರಿದ್ದು ಒಂದು ಹತ್ಯಾರಿನಿಂದ: 1825ರಲ್ಲಿ ನೆಥೇನಿಯಲ್ ವೈಯೆತ್ ಎಂಬಾತ ಕುದುರೆ ಎಳೆಯುವ ಒಂದು ನೇಗಿಲನ್ನು ಮಾಡಿದ. ಹೊಲ ಉಳುವಂತೆ ಕೆರೆಯ ಮೇಲೆ ಗೆರೆ ಕೊರೆದು, ಗಡ್ಡೆಯನ್ನು ಒಂದೇ ಅಳತೆಯ ಚೌಕಗಳಾಗಿ ತೆಗೆಯುವುದು ಅದರಿಂದ ಸಾಧ್ಯವಾಯಿತು.

ಮಂಜುಗಡ್ಡೆ ಬಲಕ್ಕಲ್ಲ, ಮೊನೆಗೆ ಬಗ್ಗುತ್ತದೆ. ಇದನ್ನು ನಾವು ಪೆಟ್ಟು ತಿಂದೇ ಕಲಿತೆವು. ಒಮ್ಮೆ ಸಮಾರಂಭವೊಂದರ ಪಾನಕಕ್ಕೆಂದು ಐಸಿನ ಲಾದಿ ತರಿಸಿ, ನಾವೇ ಶೂರರಂತೆ ಸುತ್ತಿಗೆಯಿಂದ ಹೊಡೆದೆವು. ಒಂದು ಚೂರು ಸಿಡಿದು ನಮ್ಮ ಕನ್ನಡಕದ ಗಾಜು ಬಿರಿಯಿತು. ಲಾದಿ ತಂದ ಹುಡುಗ ನಕ್ಕು, ಮರದ ಹಿಡಿಯ ದಬ್ಬಣದಿಂದ ಒಂದೇ ಸಾಲಿನಲ್ಲಿ ನಾಲ್ಕು ಬಾರಿ ಚುಚ್ಚಿದ. ಲಾದಿ ಕತ್ತರಿಸಿದ ಹಾಗೆ ಎರಡಾಯಿತು.

ಈಗ ಮಗನ ಹತ್ಯಾರಿಗೆ ಬರೋಣ. ಅಂಗಡಿಯವರು ಮೊದಲು ತೋರಿಸುವುದು ಬೈರಿಗೆಯನ್ನು. ನಮ್ಮ ಬಡಗಿಯ ಬೈರಿಗೆಯ ದೊಡ್ಡಣ್ಣ ಅದು. ಸುರುಳಿಯಾದ ಉಕ್ಕಿನ ದಂಡ, ತುದಿಯಲ್ಲಿ ಅಲಗು, ಮೇಲೆ ತಿರುವುವ ಹಿಡಿ. ಹೊಸಬನಿಗೆ 6 ಇಂಚಿನದು ಸಾಕು. 8 ಇಂಚಿನದು ಎರಡೇ ಇಂಚು ಹೆಚ್ಚಲ್ಲವೇ ಎನ್ನಬೇಡಿ. ಲೆಕ್ಕ ಹಾಕಿದರೆ ಕೊರೆಯಬೇಕಾದ ಗಡ್ಡೆ ಹೆಚ್ಚುಕಡಿಮೆ ಇಮ್ಮಡಿ, ತೋಳಿನ ನೋವೂ ಹಾಗೆಯೇ. ಅಲಗು ಮರಳಿಗೆ ತಾಗಿದರೆ ಮೊಂಡಾಗುತ್ತದೆ. ಕೆಲಸ ಮುಗಿದ ಮೇಲೆ ಒರೆಸಿ, ಮುಚ್ಚಳ ಹಾಕಿಡಬೇಕು. ಎಂಜಿನಿನದು, ಬ್ಯಾಟರಿಯದು ಎಂದು ಬೇರೆ ಬೈರಿಗೆಗಳೂ ಇವೆ. ಎರಡು ಅಡಿ ದಪ್ಪದ ಗಡ್ಡೆಗೆ ಹತ್ತಿಪ್ಪತ್ತು ತೂತು ಕೊರೆಯುವವರಿಗೆ ಅವು. ಮೊದಲ ವರ್ಷವೇ ಅಷ್ಟು ಹಣ ಸುರಿಯುವುದು ನಮಗೆ ಸರಿತೋರುವುದಿಲ್ಲ. ತೂತಿನಲ್ಲಿ ತೇಲುವ ಚೂರುಗಳನ್ನು ತೆಗೆಯಲು ತೂತುಗಳಿರುವ ಸೌಟು ಬೇಕು. ಅದು ನಮ್ಮ ಬೂಂದಿಯ ಸೌಟಿನ ತಮ್ಮನೇ.

ಆದರೆ ತಾಯಿಯಾದವರು ಮೊದಲು ವಿಚಾರಿಸಬೇಕಾದದ್ದು ಗಡಾರಿಯನ್ನು. ನಾಲ್ಕೈದು ಅಡಿಯ ಕಬ್ಬಿಣದ ಸಲಾಕೆ, ತುದಿಗೆ ಉಳಿಯಂತಹ ಬಾಯಿ. ತೆಳು ಗಡ್ಡೆಗೆ ಇದರಿಂದಲೇ ತೂತು ಮಾಡಬಹುದು. ಅದರ ದೊಡ್ಡ ಕೆಲಸವೇ ಬೇರೆ: ಮುಂದಿನ ಹೆಜ್ಜೆ ಇಡುವ ಜಾಗವನ್ನು ಮೊದಲು ಇದರಿಂದ ಕುಟ್ಟಿ ನೋಡುವುದು. ಒಂದೆರಡು ಪೆಟ್ಟಿಗೇ ನೀರು ಕಂಡಿತೋ, ಬಂದ ದಾರಿಯಲ್ಲೇ ಹಿಂದಕ್ಕೆ. ಹಿಡಿಗೆ ಹಗ್ಗ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಬೇಕು. ಕೈಜಾರಿ ತೂತಿನೊಳಗೆ ಹೋದ ಗಡಾರಿ ಮತ್ತೆ ಸಿಕ್ಕುವುದಿಲ್ಲ.

ನಡೆದು ಹೋಗುವವನಿಗೆ ಹೊಸದಾದ, ತಿಳಿಯಾದ ಗಡ್ಡೆ 4 ಇಂಚಾದರೂ ದಪ್ಪವಿರಬೇಕೆಂದು ಆ ರಾಜ್ಯದ ನಿಸರ್ಗ ಸಂಪತ್ತಿನ ಇಲಾಖೆ ಹೇಳುತ್ತದೆ. ಹಿಮ ಬೆರೆತು ಬೆಳ್ಳಗಾದ ಗಡ್ಡೆಯ ಬಲ ಅರ್ಧದಷ್ಟೇ, ಆದ್ದರಿಂದ ಅಲ್ಲಿ ದಪ್ಪ ಎರಡರಷ್ಟು ಬೇಕು. ಒಂದೇ ಕೆರೆಯಲ್ಲಿ ಇಲ್ಲಿ ಹತ್ತು ಇಂಚಿದ್ದರೆ, ಒರತೆಯಿರುವಲ್ಲಿ, ತೊರೆ ಬಂದು ಸೇರುವಲ್ಲಿ ಎರಡೇ ಇಂಚು ಇರಬಹುದು. ದಂಡೆಯಲ್ಲಿ ಒಮ್ಮೆ ಅಳೆದು ನಿಶ್ಚಿಂತೆಯಿಂದ ನಡೆಯುವಂತಿಲ್ಲ.

ಇನ್ನೊಂದು ಸಣ್ಣ ವಸ್ತು: ಮೊನೆಯುಳ್ಳ ಎರಡು ಹಿಡಿಗಳನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಅಕಸ್ಮಾತ್ ನೀರಿಗೆ ಬಿದ್ದರೆ ಜಾರುವ ಗಡ್ಡೆಗೆ ಅವನ್ನು ಚುಚ್ಚಿ, ಕಾಲು ಬಡಿಯುತ್ತ ಮೈಯನ್ನು ಮೇಲಕ್ಕೆಳೆದುಕೊಳ್ಳಬೇಕು. ಮೇಲೆ ಬಂದಮೇಲೆ ಎದ್ದು ನಿಲ್ಲದೆ ಉರುಳಿಕೊಂಡು ದಡದತ್ತ ಸರಿಯಬೇಕು. ಲಾದಿ ಹುಡುಗನ ದಬ್ಬಣದ್ದೇ ಜಾತಿ, ಬೆಲೆಯೂ ಹೆಚ್ಚಲ್ಲ.

ಆದ್ದರಿಂದ, ಸಹೋದರಿ, “ಹೋಗಬೇಡ” ಎನ್ನಬೇಡಿ. “ಗಡಾರಿ ಯಾರ ಕೈಯಲ್ಲಿದೆ? ಕೊರಳಲ್ಲಿ ಹಿಡಿಗಳಿವೆಯೇ? ಜೊತೆಗೆ ಎಷ್ಟು ಜನ?” ಎಂದು ಕೇಳಿ. ತಡವರಿಸಿದರೆ ಆ ಶನಿವಾರ ಮನೆಯಲ್ಲೇ ಇರಲಿ. ಮೀನು ಹಿಡಿಯುವ ಪರವಾನಗಿ ಮಾಡಿಸಿಕೊಂಡನೇ ಎಂಬುದನ್ನೂ ವಿಚಾರಿಸಿ. ಅಲ್ಲಿಯ ಪರ್ಚ್ ಮೀನು ಸಿಕ್ಕಿತೆಂದರೆ ನಿಮ್ಮ ಊರಿನ ಮಸಾಲೆ ಹೇಗೆ ಹಿಡಿಯಿತೆಂದು ನಮಗೆ ಬರೆದು ತಿಳಿಸಿ.